ಬಾಂಗ್ ಆಗುವ ಮುಂಚೆ

ಕಮಲಾವತಿಯ ಮನೆಯಲ್ಲಿ ಹೊತ್ತು ಮುಳುಗಿತೋ ಇಲ್ಲವೋ ಎಂಬುದನ್ನು ತೀರ್ಮಾನ ಮಾಡುತ್ತಿದ್ದವರು ಹಿಂದಿನ ಓಣಿಯ ಮಸೀದಿಯ ಮೂಸಾ ಮುಕ್ರಿ. ಇದು ಮೂಡಬಿದ್ರೆಯ ಜೈನ ಪೇಟೆಯ ಮನೆ. ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಅನ್ನ ಗಂಟಲಿಗಿಳಿಯಬಾರದು, ಒಲೆ ಹಚ್ಚಬಾರದು, ಬೆಂಕಿಗೆ ಬಂದು ಬೀಳುವ ಹುಳುಹುಪ್ಪಟೆಯ ಪಾಪ ಕಟ್ಟಿಕೊಳ್ಳಬಾರದು. ಬೇಸಿಗೆಯಲ್ಲಾದರೆ ಜಗಲಿಗೆ ಬಂದು ಆಕಾಶ ನೋಡಿದರೆ ಸಾಕು. ಮಳೆಗಾಲದಲ್ಲಿ ಮಧ್ಯಾಹ್ನಕ್ಕೂ ಸಂಜೆಗೂ ಒಂದೇ ಬಣ್ಣ. ಆಗ ಮೂಸಾ ಮುಕ್ರಿ ಮಸೀದಿಯ ಮೆಟ್ಟಿಲಲ್ಲಿ ನಿಂತು ಸಂಜೆಯ ನಮಾಜಿಗೆ ಬಾಂಗ್ ಕೂಗುತ್ತಿದ್ದರು. ಅದು ಎರಡು ಹಿತ್ತಿಲು ದಾಟಿ ಅಡುಗೆಮನೆಯ ಕಿಟಕಿಗೆ ಬಂತೋ, ಈ ಮನೆಯ ಹೆಂಗಸರ ಊಟ ಅಲ್ಲಿಗೆ ಮುಗಿಯಿತು.

ಈ ಕಾನೂನು ಮಾಡಿದವರು ಕಮಲಾವತಿಯ ಅತ್ತೆ ಅನಂತಮತಿಯಮ್ಮ. ಎರಡೂ ಕಣ್ಣಿಗೆ ಪೊರೆ ಬಂದು ಅವರಿಗೆ ಬೆಳಕು ಕತ್ತಲೆ ಎಂಬ ಎರಡೇ ವಿಷಯ ಕಾಣುತ್ತಿತ್ತು. ಕಿವಿ ಮಾತ್ರ ಇಲಿ ನಡೆದರೂ ಹೇಳುವಂಥದ್ದು. ಅವರು ತಮ್ಮ ಊಟವನ್ನು ದನ ಕೊಟ್ಟಿಗೆಗೆ ಬರುವ ಹೊತ್ತಿಗೇ ಮುಗಿಸಿ ಕೈ ತೊಳೆದು ಕೂರುತ್ತಿದ್ದರು. ಬಾಂಗ್ ಎಂಬುದು ಸೊಸೆಗೆ ಕೊಟ್ಟ ರಿಯಾಯಿತಿ. ಚಾವಡಿಯಲ್ಲಿ ಒಂದು ಗೋಡೆ ಗಡಿಯಾರ ಇತ್ತು. ಅದನ್ನು ಅವರು ನಂಬುತ್ತಿರಲಿಲ್ಲ. "ಕೀಲಿ ಕೊಟ್ರೆ ತಿರುಗ್ತದೆ, ಕೊಡದಿದ್ರೆ ನಿಲ್ತದೆ. ಅದಕ್ಕೆ ಸೂರ್ಯನ ಸುದ್ದಿ ಎಂತ ಗೊತ್ತು?" ಎನ್ನುತ್ತಿದ್ದರು. ಮಳೆಗಾಲದಲ್ಲಿ ಮೂಸಾ ಮುಕ್ರಿಯೂ ಮಸೀದಿಯ ಗಡಿಯಾರ ನೋಡಿಯೇ ಬಾಂಗ್ ಕೂಗುವುದು ಎಂದು ಅವರ ಹೆಂಡತಿ ಬೀಯಮ್ಮ ಕಮಲಾವತಿಗೆ ಹೇಳಿದ್ದಳು. ಕಮಲಾವತಿ ಅದನ್ನು ಅತ್ತೆಗೆ ಹೇಳಲು ಹೋಗಲಿಲ್ಲ. ಇದ್ದ ಒಂದು ರಿಯಾಯಿತಿಯನ್ನೂ ಯಾರು ಕಳೆದುಕೊಳ್ಳುತ್ತಾರೆ?

ಗಂಡಸರ ಲೆಕ್ಕ ಬೇರೆ. ಕಮಲಾವತಿಯ ಗಂಡ ವೃಷಭರಾಜನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಅವನ ಸೂರ್ಯ ಅಂಗಡಿಯ ಬಾಗಿಲು ಹಾಕಿದ ಮೇಲೆ ನಿಧಾನಕ್ಕೆ ಮುಳುಗುತ್ತಿದ್ದ. ಮಧ್ಯಾಹ್ನವೇ ಮಾಡಿ ಮುಚ್ಚಿಟ್ಟದ್ದನ್ನು ಅವನು ತಣ್ಣಗೆ ಉಣ್ಣುವಾಗ ತಾಯಿ ಗೋಡೆಯ ಕಡೆಗೆ ಮುಖ ಮಾಡಿ ಜಪಮಾಲೆ ಎಣಿಸುತ್ತಿದ್ದರು. ಮಗನಿಗೆ ಹೇಳಿ ಪ್ರಯೋಜನ ಇಲ್ಲವೆಂದು ಅವರಿಗೆ ಗೊತ್ತು. ಸೊಸೆಗೆ ಹೇಳಿದರೆ ಪ್ರಯೋಜನ ಉಂಟು ಎಂಬುದೂ ಗೊತ್ತು.

ಕಮಲಾವತಿ ಮದುವೆಯಾಗಿ ಬಂದ ಮರುವರ್ಷ ಚೊಚ್ಚಲ ಬಸುರಿ. ಬೆಳಗಿನಿಂದ ವಾಂತಿ. ಸಂಜೆಗೆ ಹೊಟ್ಟೆ ಸ್ವಲ್ಪ ನೆಲೆನಿಂತು, ಮೊದಲ ಸಲ ಹಸಿವೆ ಎನಿಸಿ, ಮೊಸರನ್ನ ಕಲಸಿ ತುತ್ತು ಎತ್ತಿದ್ದಳು. ಕಿಟಕಿಯಿಂದ ಬಾಂಗ್ ಬಂತು. "ಬಾಂಗ್ ಆಯ್ತು. ಕೈ ತೊಳಿ" ಎಂದರು ಅತ್ತೆ, ಬೈಯದೆ, ಸ್ವರ ಏರಿಸದೆ. ಕಮಲಾವತಿ ತುತ್ತನ್ನು ಬಟ್ಟಲಿಗೆ ಹಾಕಿ ಕೈ ತೊಳೆದಳು. ಆಗ ಹೊಟ್ಟೆಯಲ್ಲಿದ್ದ ಮಗ ಈಗ ಹೈಸ್ಕೂಲಿಗೆ ಹೋಗುತ್ತಾನೆ. ಅವಳು ಆ ತುತ್ತನ್ನು ಮಾತ್ರ ಮರೆತಿರಲಿಲ್ಲ. ಸಿಟ್ಟೆಲ್ಲ ಹಳತಾಗಿ ಉಪ್ಪಿನಕಾಯಿಯ ಹಾಗೆ ತಳದಲ್ಲಿ ಕೂತಿತ್ತು.

ಹೀಗಿರುವಾಗ ಐವತ್ತೇಳನೇ ಇಸವಿಯ ಆ ಜ್ವರ ಬಂತು.

ಮೊದಲು ಬಂದದ್ದು ಪೇಪರಿನಲ್ಲಿ. ವೃಷಭರಾಜ ಕಾಫಿ ಕುಡಿಯುತ್ತಾ ಓದಿ ಹೇಳಿದ. "ಚೀನಾದಿಂದ ಹೊರಟು ಸಿಂಗಾಪುರಕ್ಕೆ ಬಂದು, ಅಲ್ಲಿಂದ ಹಡಗು ಹತ್ತಿ ಮದ್ರಾಸಿನಲ್ಲಿ ಇಳಿದದೆ ನೋಡು."

"ಯಾರು?"

"ಜ್ವರ ಮಾರಾಯ್ತಿ. ಫ್ಲೂ ಅಂತ."

"ಬರಲಿ," ಎಂದಳು ಕಮಲಾವತಿ ಒಲೆ ಊದುತ್ತಾ. "ಬರುದಾದ್ರೆ ಬಾಂಗಿನ ಮುಂಚೆ ಬರ್ಲಿಕ್ಕೆ ಹೇಳಿ. ಆಮೇಲೆ ಬಂದವರಿಗೆ ನಾನು ಎಂತ ಕೊಡುದು?"

ಅವಳಿಗೆ ತಮಾಷೆ ಮಾಡುವಷ್ಟು ತ್ರಾಣ ಇದ್ದದ್ದು ಆ ವಾರವೇ ಕೊನೆ.

ಪೇಟೆಯಲ್ಲಿ ಜ್ವರಕ್ಕಿಂತ ಮೊದಲು ಪಂಡಿತರು ಹುಟ್ಟಿಕೊಂಡರು. ಅಮೆರಿಕಾದವರು ಸಮುದ್ರದಲ್ಲಿ ಬಾಂಬು ಹೊಡೆದು ಪರೀಕ್ಷೆ ಮಾಡುತ್ತಾರಲ್ಲ, ಅದರ ಹೊಗೆ ಮೋಡಕ್ಕೆ ಸೇರಿ ಮಳೆಯಲ್ಲಿ ಇಳಿಯುವುದೇ ಈ ಜ್ವರ ಎಂದು ಕ್ಷೌರದ ಚಿನ್ನಯ್ಯ ಅರ್ಧ ಗಡ್ಡ ಹೆರೆದು ನಿಲ್ಲಿಸಿ ಹೇಳಿದ. ಅರ್ಧ ಗಡ್ಡದವನು ಒಪ್ಪದೆ ಏನು ಮಾಡುತ್ತಾನೆ? ಸರಕಾರ ಆಗಷ್ಟೇ ಹೊಸ ಪೈಸೆ ತಂದಿತ್ತು. ಆ ನಾಣ್ಯದಲ್ಲೇ ಜ್ವರ ಬರುವುದು ಎಂದು ಒಬ್ಬ ಹಿರಿಯರು ಹೊಸ ಪೈಸೆಗಳನ್ನೆಲ್ಲ ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದರು. ನೀಲಗಿರಿ ಎಣ್ಣೆಯ ಬಾಟಲಿ ಅಂಗಡಿಗಳಲ್ಲಿ ಮುಗಿಯಿತು. ಬಂಟ್ವಾಳದಿಂದ ಬರುವ ಬಸ್ಸಿನಲ್ಲಿ ಒಬ್ಬ ಸೀನಿದನೆಂದು ಉಳಿದವರೆಲ್ಲ ಸೇರಿ ಸಿದ್ಧಕಟ್ಟೆಯಲ್ಲಿ ಇಳಿಸಿಬಿಟ್ಟರಂತೆ. ಪಾಪ, ಅವನು ಆಗಷ್ಟೇ ಮೂಗಿಗೆ ನಸ್ಯ ಏರಿಸಿದ್ದ.

ಆ ಬಸ್ಸಿನ ಸುದ್ದಿಯನ್ನು ನಗುತ್ತಾ ಹೇಳಿದವನು ವೃಷಭರಾಜ. ಅವನೂ ಅದರಲ್ಲೇ ಬಂದಿದ್ದ. ಬಂಟ್ವಾಳಕ್ಕೆ ಬಟ್ಟೆಯ ಗಂಟು ತರಲು ಹೋದವನು ಗಂಟನ್ನೂ ತಂದ, ಜ್ವರವನ್ನೂ ತಂದ. ಮರುದಿನ ಸಂಜೆ ಅಂಗಡಿಯಿಂದ ಬೇಗ ಬಂದು, ಚಾವಡಿಯಲ್ಲಿ ಮೂರು ಕಂಬಳಿ ಹೊದ್ದು ಮಲಗಿ, "ನನ್ನ ಕಥೆ ಮುಗಿಯಿತು. ಅಂಗಡಿಯ ಬೀಗದ ಕೈ ಅಂಗಿಯ ಕಿಸೆಯಲ್ಲುಂಟು" ಎಂದ.

"ಮುಗಿಯುದಿದ್ರೆ ಈ ಕಷಾಯ ಕುಡಿದು ಮುಗೀಲಿ," ಎಂದು ಕಮಲಾವತಿ ಮೆಣಸು ಜೀರಿಗೆಯ ಕಷಾಯ ಕೊಟ್ಟಳು.

ಅದೇ ಸಮಯಕ್ಕೆ ವೃಷಭರಾಜನ ತಂಗಿ ಯಶೋಧಾ ಬೆಳ್ತಂಗಡಿಯ ಪಕ್ಕದ ಲಾಯಿಲದಿಂದ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದಿಳಿದಳು.

"ಅಲ್ಲಿ ಮನೆಗೆ ಇಬ್ಬರು ಮಲಗಿದ್ದಾರೆ ಅತ್ತಿಗೆ. ಇವರು ಹೇಳಿದ್ರು, ಮೂಡಬಿದ್ರೆಯಲ್ಲಿ ಗಾಳಿ ಒಳ್ಳೇದುಂಟು, ಹೋಗು ಅಂತ."

ಮಾತು ಮುಗಿಯುವುದರೊಳಗೆ ಅವಳ ಸಣ್ಣ ಮಗು ಸೀನಿತು. ಇತ್ತ ಕಮಲಾವತಿಯ ಪಕ್ಕದ ಮನೆಯವರು ಮೂಡಬಿದ್ರೆಯ ಗಾಳಿ ಕೆಟ್ಟಿದೆಯೆಂದು ಮುಂಡಾಜೆಯ ನೆಂಟರ ಮನೆಗೆ ಹೋಗಿದ್ದರು. ಬಂಟ್ವಾಳದವರು ಬೆಳ್ತಂಗಡಿಗೆ, ಬೆಳ್ತಂಗಡಿಯವರು ಮೂಡಬಿದ್ರೆಗೆ, ಮೂಡಬಿದ್ರೆಯವರು ಘಟ್ಟದ ಬುಡಕ್ಕೆ. ಜ್ವರ ಇಲ್ಲದ ಊರು ಹುಡುಕಿಕೊಂಡು ಎಲ್ಲರೂ ಜ್ವರವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತಿರುಗಿದರು. ಅದು ಬಸ್ ಚಾರ್ಜು ಕೂಡ ಕೊಡಬೇಕಾಗಿರಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಬಿದ್ದರು. ಯಶೋಧಾ, ಅವಳ ಮಕ್ಕಳು, ಕಮಲಾವತಿಯ ಮಕ್ಕಳು. ಕೆಲಸಕ್ಕೆ ಬರುವ ಹೆಂಗಸು ಬರಲಿಲ್ಲ. ಅವಳ ಮನೆಯಲ್ಲೂ ಅದೇ. ಚಾವಡಿಯಿಂದ ಒಳಕೋಣೆಯವರೆಗೆ ಚಾಪೆಯ ಮೇಲೆ ಚಾಪೆ. ದಾಟುವಾಗ ಯಾರ ಕಾಲು ಯಾರ ತಲೆ ಎಂದು ನೋಡಿ ದಾಟಬೇಕು. ನಿಂತಿದ್ದವಳು ಕಮಲಾವತಿ ಒಬ್ಬಳೇ. ಬಾವಿಯಿಂದ ನೀರು ಸೇದಿ ಬಟ್ಟೆಯಲ್ಲಿ ಸೋಸಬೇಕು, ಕುದಿಸಬೇಕು, ಗಂಜಿ ಬೇಯಿಸಬೇಕು, ವಾಂತಿ ಬಳಿಯಬೇಕು, ಒಣಗದ ಬಟ್ಟೆಗಳನ್ನು ಬಚ್ಚಲೊಲೆಯ ಮೇಲೆ ಹರಡಬೇಕು. ಅಷ್ಟರಲ್ಲಿ ಯಾರಾದರೂ ಒಬ್ಬರು "ಅಮ್ಮಾ ನೀರು" ಎನ್ನುತ್ತಾರೆ. ಒಬ್ಬರು ಕೇಳಿದ್ದು ಕಿವಿಗೆ ಬಿದ್ದರೆ ಉಳಿದವರಿಗೂ ಬಾಯಾರುತ್ತದೆ.

ಮಂಚದ ಮೇಲೆ ಕೂತು ವೃಷಭರಾಜ ಮೆಚ್ಚುಗೆಯಿಂದ ಹೇಳಿದ. "ನೀನು ಗಟ್ಟಿ ಮಾರಾಯ್ತಿ. ನಿನಗೆ ಎಂತದೂ ಆಗುದಿಲ್ಲ."

ಹೆಂಗಸಿಗೆ ಗಟ್ಟಿ ಎಂದು ಹೇಳುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಹೇಳಿದವನು ಮಗ್ಗುಲು ಬದಲಿಸಿ ಮಲಗಬಹುದು.

ಎಲ್ಲದಕ್ಕಿಂತ ಕಷ್ಟ ಸಂಜೆಯದು. ಬಾಂಗ್ ಆಗುವುದರೊಳಗೆ ಅಷ್ಟೂ ಜನರಿಗೆ ಗಂಜಿ ಕುಡಿಸಿ ಆಗಬೇಕು. ಕಾಯಿಲೆಯ ಮಕ್ಕಳು ಬಾಯಿ ತೆರೆಯುವುದಿಲ್ಲ. ತೆರೆದರೆ ನುಂಗುವುದಿಲ್ಲ. ಒಂದೊಂದು ಚಮಚಕ್ಕೆ ಒಂದೊಂದು ಕಥೆ. ಕೊನೆಗೆ ತನ್ನ ಬಟ್ಟಲನ್ನು ಗೋಡೆಯ ಮಾಡದಿಂದ ತೆಗೆದು, ಗಂಜಿಯ ಪಾತ್ರೆಗೆ ಸೌಟು ಹಾಕುವಷ್ಟರಲ್ಲಿ ಕಿಟಕಿಯಿಂದ ಮೂಸಾ ಮುಕ್ರಿಯ ಸ್ವರ ಬರುತ್ತಿತ್ತು. ಕಮಲಾವತಿ ಬಟ್ಟಲನ್ನು ಹಾಗೆಯೇ ಮಾಡಕ್ಕೆ ಇಟ್ಟುಬಿಡುತ್ತಿದ್ದಳು. ಉಣ್ಣದ ಬಟ್ಟಲನ್ನು ತೊಳೆಯುವ ಕೆಲಸವಾದರೂ ಇಲ್ಲವಲ್ಲ. ಮೊದಲ ಸಂಜೆ ಹಾಗಾದಾಗ ಬೇಸರವಾಯಿತು. ಮತ್ತಿನ ಸಂಜೆಗಳಲ್ಲಿ ಬೇಸರ ಪಡಲೂ ಪುರುಸೊತ್ತು ಇರಲಿಲ್ಲ. ಮಧ್ಯಾಹ್ನ ನಿಂತುಕೊಂಡೇ ಎರಡು ತುತ್ತು ಬಾಯಿಗೆ ಹಾಕಿಕೊಂಡದ್ದೇ ದಿನದ ಊಟ. ಅವಳಿಗೆ ದೊಡ್ಡ ಆಸೆ ಏನೂ ಇರಲಿಲ್ಲ. ಒಂದು ಸಂಜೆ, ಒಂದೇ ಒಂದು ಸಂಜೆ, ಯಾರಾದರೂ ಬಿಸಿ ಗಂಜಿಯ ಬಟ್ಟಲು ತಂದು ಕೈಗೆ ಕೊಟ್ಟು "ಕುಡಿ" ಎನ್ನಬೇಕು. ಅಷ್ಟೇ.

ಕೊನೆಗೆ ಅನಂತಮತಿಯಮ್ಮನಿಗೂ ಜ್ವರ ಹಿಡಿಯಿತು. ವಯಸ್ಸಾದ ಶರೀರ, ಎದೆಯಲ್ಲಿ ಕಫ ಕಟ್ಟಿ ಗೊರಗೊರ ಸದ್ದು. ಡಾಕ್ಟರರು ಕೊಡೆ ಮಡಚಿ ಒಳಗೆ ಬಂದವರು ನಿಂತುಕೊಂಡೇ ನೋಡಿದರು. ಅವರಿಗೆ ಇನ್ನೂ ಓಣಿಯಿಡೀ ಮನೆಗಳಿದ್ದವು. ಕೆಂಪು ಮಿಕ್ಸ್ಚರಿನ ಬಾಟಲಿ ಕೊಟ್ಟರು. ಅದರ ಮೈಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಒಂದೊಂದು ಹೊತ್ತಿಗೆ ಒಂದೊಂದು ಗೆರೆ.

"ರಾತ್ರಿಯೂ ಒಂದು ಗೆರೆ ಕೊಡಲೇಬೇಕು. ಮೇಲೆ ಬಿಸಿನೀರು, ಗಂಜಿತಿಳಿ ಕೊಡ್ತಾ ಇರಿ. ಈ ಪ್ರಾಯದಲ್ಲಿ ಬಾಯಿ ಒಣಗ್ಲಿಕ್ಕೆ ಬಿಡಬಾರದು," ಎಂದು ಕಮಲಾವತಿಗೆ ಹೇಳಿ ಹೋದರು.

ಹಗಲಿನ ಗೆರೆ ಅನಂತಮತಿಯಮ್ಮ ಕುಡಿದರು. ಸಂಜೆ ಬಾಂಗ್ ಆಯಿತು, ಅಲ್ಲಿಗೆ ಬಾಯಿ ಮುಚ್ಚಿದರು. ವೃಷಭರಾಜ ಕಂಬಳಿ ಹೊದ್ದುಕೊಂಡೇ ತಾಯಿಯ ಹತ್ತಿರ ಕೂತು ಬೇಡಿಕೊಂಡ.

"ಅಮ್ಮಾ, ಮದ್ದಿಗೆ ದೋಷ ಇಲ್ಲ. ತಿಳಿದವರೇ ಹೇಳಿದ್ದಾರೆ."

"ಯಾರು ಹೇಳಿದ್ದು?"

ಅವನು ಬಾಟಲಿಯ ಗೆರೆಗಳನ್ನು ಎಣಿಸತೊಡಗಿದ.

"ಹುಟ್ಟಿದಾಗಿನಿಂದ ಹಿಡಿದದ್ದನ್ನು ಒಂದು ಶೀತಜ್ವರಕ್ಕೆ ಬಿಡ್ಲಿಕ್ಕುಂಟಾ?" ಎಂದರು ಅವರು. ಅಷ್ಟು ಹೇಳಲು ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ಕಮಲಾವತಿ ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ ಅತ್ತೆಯ ಒಡೆದ ತುಟಿ ಒರೆಸಲು ಹೋದಳು. ಒಂದು ಹನಿ ಒಳಗೆ ಹೋದೀತೆಂದು ಆ ತುಟಿ ಇನ್ನಷ್ಟು ಬಿಗಿಯಿತು. "ಹಟಮಾರಿ ಮುದುಕಿ, ಸತ್ತರೆ ಸಾಯಿ" ಎಂದು ಕಮಲಾವತಿ ಮನಸ್ಸಿನಲ್ಲಿ ಬೈದಳು. ಬೈದ ಕೂಡಲೇ ಹೆದರಿಕೆಯಾಗಿ ಅವರ ಪಾದಗಳನ್ನು ತಿಕ್ಕತೊಡಗಿದಳು. ಹಾಗೆ ತಿಕ್ಕುತ್ತಲೇ ಬೆಳಗಾಯಿತು.

"ಹೊತ್ತು ಹುಟ್ಟಿತಾ?" ಎಂದು ಕೇಳಿದರು ಅತ್ತೆ.

"ಹುಟ್ಟಿತು ಮಾಮಿ."

"ಹಾಗಾದ್ರೆ ಕೊಡು."

ಗಂಜಿತಿಳಿಯ ಲೋಟ ಖಾಲಿಯಾದಾಗ ಕಮಲಾವತಿಗೆ ಅಳು ಬಂತು. ಅತ್ತೆ ಉಳಿದರೆಂಬ ಸಮಾಧಾನಕ್ಕೋ, ಇಷ್ಟು ಕಾಡಿಸಿದರೆಂಬ ಸಿಟ್ಟಿಗೋ ಅವಳಿಗೇ ಬಿಡಿಸಿ ಹೇಳಲಾಗುತ್ತಿರಲಿಲ್ಲ. ಒಂದಂತೂ ಹೌದು. ಇವರು ಬೇರೆಯವರಿಗೆ ಒಂದು, ತನಗೊಂದು ಎನ್ನುವ ಪೈಕಿ ಅಲ್ಲ ಎಂದು ಅವಳಿಗೆ ಆ ಬೆಳಿಗ್ಗೆ ಕಂಡಿತು. ಹಳೆಯ ಸಿಟ್ಟು ಅದರಿಂದ ಕರಗಲಿಲ್ಲ. ಹಿಡಿದುಕೊಳ್ಳುವುದು ಮಾತ್ರ ಸ್ವಲ್ಪ ಕಷ್ಟವಾಯಿತು.

ಅತ್ತೆಯ ಜ್ವರ ಇಳಿಯಿತು. ಅಡುಗೆಮನೆಗೆ ತಾಗಿದ ಕೋಣೆಯಲ್ಲಿ ಗೋಡೆಗೊರಗಿ ಕೂರುವಷ್ಟಾದರು. ಮಕ್ಕಳಲ್ಲಿ ಕೆಲವರು ಎದ್ದು ಜಗಳ ಸುರುಮಾಡಿದರು. ಜಗಳ ಬಂದರೆ ಜ್ವರ ಹೋಯಿತೆಂದೇ ಲೆಕ್ಕ. ವೃಷಭರಾಜ ಅಂಗಡಿಗೆ ಹೋಗಿ ಬಂದು, ಮಫ್ಲರುಗಳೆಲ್ಲ ಮುಗಿದುವು ಎಂದು ಸಂತೋಷದಿಂದ ಹೇಳಿ ಮತ್ತೆ ಮಲಗಿದ. ಯಶೋಧಾ ಮಾತ್ರ ತಲೆ ಎತ್ತಿದರೆ ತಿರುಗುತ್ತದೆ ಎಂದು ಮಲಗಿಯೇ ಇದ್ದಳು. ಅದು ಸುಳ್ಳೇನೂ ಅಲ್ಲ. ಆದರೆ ಕಮಲಾವತಿಯ ತಲೆಯೂ ತಿರುಗುತ್ತಿತ್ತು. ಸೊಂಟ, ಕೀಲು, ಕಣ್ಣಿನ ಗುಡ್ಡೆ ಎಲ್ಲ ಒಟ್ಟಿಗೆ ನೋಯುತ್ತಿದ್ದವು. ಒಲೆಯ ಮುಂದೆ ಕೂತರೂ ಚಳಿ. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ "ಮಲಗು" ಎನ್ನುತ್ತಾರೆ. ಮಲಗಿದರೆ ಗಂಜಿ ಬೇಯಿಸುವವರು ಯಾರು ಎಂದು ಅವರು ಹೇಳುವುದಿಲ್ಲ.

ಆ ಸಂಜೆ ಬಾಂಗ್ ತಡವಾಗಿ ಬಂತು. ಸ್ವರ ಒಡೆದಿತ್ತು. ನಡುವೆ ಕೆಮ್ಮು ಬಂದು ನಿಂತು, ಪುನಃ ಸುರುವಾಯಿತು. ತಡವಾದದ್ದರಿಂದ ಕಮಲಾವತಿಗೆ ಉಣ್ಣಲು ಸಮಯ ಸಿಕ್ಕಿತ್ತು. ಆದರೆ ಬಾಯಿ ಕಹಿಯಾಗಿ ಒಂದು ಚಮಚವೂ ಇಳಿಯಲಿಲ್ಲ. ಹಣೆಬರಹ ಎಂದರೆ ಇದೇ ಎಂದುಕೊಂಡು ಗಂಜಿಯನ್ನು ದನದ ಬಾನಿಗೆ ಸುರಿದಳು.

ಮರುದಿನ ಬೆಳಿಗ್ಗೆ ಕೋಳಿಗಳಿಗೆ ತೌಡು ಕೇಳಲು ಬೀಯಮ್ಮ ಹಿತ್ತಿಲ ಬೇಲಿಯ ಹತ್ತಿರ ಬಂದಳು. ಸೆರಗಿನಿಂದ ಮೂಗುಬಾಯಿ ಮುಚ್ಚಿಕೊಂಡು ದೂರವೇ ನಿಂತಳು.

"ಇವರು ಬಿದ್ದಿದ್ದಾರೆ ಕಮಲಕ್ಕ. ಎದ್ದು ನಿಲ್ಲುದಕ್ಕಾಗುದಿಲ್ಲ, ಆದ್ರೂ ಬಾಂಗಿನ ಹೊತ್ತಿಗೆ ಗೋಡೆ ಹಿಡ್ಕೊಂಡು ಹೋಗ್ತಾರೆ. ನಿನ್ನೆ ಸಂಜೆ ನಿದ್ರೆ ಬಂದು ತಡವಾಯ್ತು. ನಾನೇ ಏಳಿಸಿದ್ದು."

"ಬೇರೆ ಯಾರಾದ್ರೂ ಕೂಗಬಾರದಾ ಬೀಯಮ್ಮ?"

"ಬೇರೆ ಯಾರಿದ್ದಾರೆ? ಎಲ್ಲ ಮಲಗಿದ್ದಾರೆ. ಮಸೀದಿಗೆ ಬರುವವರೇ ಇಲ್ಲ. ಇವರು ಒಬ್ಬರೇ ಕೂಗ್ತಾರೆ, ಒಬ್ಬರೇ ನಮಾಜು ಮಾಡಿ ಬರ್ತಾರೆ." ಬೀಯಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ನಿಮ್ಮ ಮುಖ ಎಂತ ಹೀಗೆ ಕೆಂಪಾಗಿ? ಜ್ವರ ಉಂಟಾ ನಿಮಗೆ?"

ಇಷ್ಟು ದಿನದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ಅದೂ ಬೇಲಿಯ ಆಚೆಯಿಂದ.

"ಒಲೆಯ ಕಾವು," ಎಂದು ಕಮಲಾವತಿ ತೌಡಿನ ಜೊತೆ ಮೆಣಸು ಜೀರಿಗೆಯ ಪುಡಿಯ ಪೊಟ್ಟಣವನ್ನೂ ಬೇಲಿಯ ಮೇಲೆ ಇಟ್ಟಳು. "ಇದನ್ನು ಬೆಲ್ಲ ಹಾಕಿ ಕುದಿಸಿ ಅವರಿಗೆ ಕೊಡು. ಸ್ವರ ಬಿಡ್ತದೆ."

ಮಧ್ಯಾಹ್ನ ಎಲ್ಲರ ಊಟವಾಗಿ ಪಾತ್ರೆ ತೊಳೆದಿಟ್ಟು, ಒದ್ದೆ ಹೊದಿಕೆಗಳನ್ನು ಬಚ್ಚಲೊಲೆಯ ಮೇಲೆ ಹರಡಿ, ಅವಳು ಅಕ್ಕಿ ತರಲು ಕತ್ತಲೆಕೋಣೆಗೆ ಹೋದಳು. ಅಕ್ಕಿಯ ಮೂಟೆಯ ಪಕ್ಕದಲ್ಲಿ ಒಂದು ಹಳೆಯ ಚಾಪೆ ಸುತ್ತಿಟ್ಟಿತ್ತು. ಒಂದು ಗಳಿಗೆ ಕೂರುವ ಎಂದು ಅದರ ಮೇಲೆ ಕೂತಳು. ಕೂತವಳು ಯಾವಾಗ ಮಲಗಿದಳೋ ಅವಳಿಗೆ ತಿಳಿಯಲಿಲ್ಲ. ಮಲಗುವ ಸುಖಕ್ಕೆ ಮೈ ಜುಮ್ಮೆಂದದ್ದು ಮಾತ್ರ ನೆನಪು.

ಸಂಜೆಯ ಹೊತ್ತಿಗೆ ಮನೆಯಲ್ಲಿ ಹಸಿವೆ ಎದ್ದಿತು. "ಅತ್ತಿಗೇ, ಗಂಜಿ ಆಯ್ತಾ?" ಎಂದು ಯಶೋಧಾ ಕರೆದಳು. ಉತ್ತರ ಬರಲಿಲ್ಲ. ಎದ್ದು ಹುಡುಕಿದಾಗ ಕತ್ತಲೆಕೋಣೆಯಲ್ಲಿ ಕಮಲಾವತಿ ಬಾಯಿ ತೆರೆದು ಮಲಗಿದ್ದಳು. ಮುಟ್ಟಿದರೆ ಬೆಂಕಿ. ಯಶೋಧಾ ಕೆಟ್ಟವಳಲ್ಲ. "ಪಾಪ, ಏಳಿಸುದು ಬೇಡ" ಎಂದು ಒಂದು ಕಂಬಳಿ ಹೊದೆಸಿ ಬಂದು, ತಲೆ ತಿರುಗುವುದನ್ನು ಮರೆತು ಗಂಜಿ ಬೇಯಿಸಿದಳು. ಹೊತ್ತು ಮುಳುಗುವ ಮುಂಚೆ ಎಲ್ಲರಿಗೂ ಕೊಡುವ ಅವಸರದಲ್ಲಿ ಕೊಟ್ಟಳು, ತಾನೂ ಕುಡಿದಳು, ಉಳಿದದ್ದನ್ನು ಮನೆಯ ಕ್ರಮದಂತೆ ದನಕ್ಕೆ ಹಾಕಿ, ಒಲೆ ಆರಿಸಿ, ದೀಪ ಹಚ್ಚಿದಳು. ಹೀಗೆ ಕಮಲಾವತಿಯನ್ನು ಎಲ್ಲರೂ ಕನಿಕರದಿಂದಲೇ ಮರೆತರು.

ಅವಳಿಗೆ ಎಚ್ಚರವಾದಾಗ ಮೈಯೆಲ್ಲ ಬೆವರು. ಜ್ವರ ಬಿಟ್ಟಿತ್ತು. ಅದು ಬಿಟ್ಟ ಜಾಗಕ್ಕೆ ಹಸಿವೆ ಬಂದು ಕೂತಿತ್ತು. ಎಷ್ಟೋ ದಿನದ ಬಾಕಿ ಸೇರಿಸಿ ಬಂದ ಹಸಿವೆ. ಬಾಗಿಲ ಸಂದಿಯಿಂದ ದೀಪದ ಬೆಳಕು ಕಂಡಿತು. ದೀಪ ಹಚ್ಚಿದ್ದಾರೆಂದರೆ ಒಲೆ ಆರಿದೆ. ಚಾವಡಿಯಲ್ಲಿ ಗಂಡ ಮಗನಿಗೆ ಬಾಂಬಿನ ವಿಷಯ ವಿವರಿಸುತ್ತಿದ್ದ. ಎಲ್ಲರ ಊಟವಾಗಿದೆ.

ಕರೆಯಬಹುದಿತ್ತು. ಕರೆದು ಏನು ಹೇಳುವುದು? ಕತ್ತಲಾಗಿದೆ, ನಾಳೆ ಬೆಳಿಗ್ಗೆಯ ತನಕ ಇಲ್ಲ. ಈ ಮನೆಗೆ ಬಂದಂದಿನಿಂದ ಕಲಿತದ್ದು ಅದೊಂದೇ. ಕಮಲಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ತನ್ನ ಬಗ್ಗೆ ತನಗೇ ಇಷ್ಟು ಅಯ್ಯೋ ಅನಿಸಿದ್ದಕ್ಕೆ ಅವಳಿಗೆ ನಾಚಿಕೆಯಾಗಿ ಇನ್ನಷ್ಟು ಅಳು ಬಂತು.

ಆಗ ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು. ಅದಕ್ಕೂ ಮೊದಲಿನಿಂದ ಅಲ್ಲಿ ಏನೋ ಸದ್ದು ಇತ್ತೆಂದು ಅವಳಿಗೆ ಈಗ ತಿಳಿಯಿತು. ಹೊಗೆಯ ವಾಸನೆ. ತಳ ಹಿಡಿದ ಗಂಜಿಯ ವಾಸನೆ. ಒಲೆ ಉರಿಯುತ್ತಿದೆ! ಯಶೋಧಾಳಿಗೆ ಇಂದು ಗ್ರಹಚಾರ ಕಾದಿದೆ ಎಂದುಕೊಂಡಳು. ಮಾಮಿಗೆ ಗೊತ್ತಾದರೆ ಅಷ್ಟೇ.

ಗೋಡೆಯನ್ನು ತಡವುತ್ತಾ ಹೆಜ್ಜೆಗಳು ಬಂದವು. ಬಾಗಿಲು ದೂಡಿಕೊಂಡು ಬಂದವರು ಅನಂತಮತಿಯಮ್ಮ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈ ಗೋಡೆಯ ಮೇಲೆ. ಎರಡೂ ಕೈಗೆ ಮೊಣಕೈಯವರೆಗೆ ಮಸಿ. ಹಿಂದೆ ಯಶೋಧಾ ದೀಪ ಹಿಡಿದು ಬೆಪ್ಪಾಗಿ ನಿಂತಿದ್ದಳು.

"ಆ ದೀಪ ಆಚೆ ತೆಕ್ಕೊಂಡು ಹೋಗು," ಎಂದರು ಅವರು ಮಗಳಿಗೆ. ಯಶೋಧಾ ಹೋದಳು. ಅವರು ನೆಲ ತಡವಿ ಚಾಪೆಯ ಅಂಚು ಸಿಕ್ಕಿದ ಮೇಲೆ ಕೂತರು. "ಎದ್ದೇಳು. ಕುಡಿ."

"ಹೊತ್ತು ಮುಳುಗಿತಲ್ಲ ಮಾಮಿ."

"ಬಾಂಗ್ ಕೇಳಿತಾ ನಿನಗೆ?"

"ಇಲ್ಲ. ನಾನು ಮಲಗಿದ್ದೆ."

"ನಾನು ಮಲಗಿರ್ಲಿಲ್ಲ. ನನಗೂ ಕೇಳ್ಲಿಲ್ಲ. ಬಾಂಗ್ ಆಗದೆ ಈ ಮನೆಯಲ್ಲಿ ಯಾವತ್ತಾದ್ರೂ ಹೊತ್ತು ಮುಳುಗಿದ್ದುಂಟಾ?"

ಕಮಲಾವತಿ ಬಾಗಿಲ ಕಡೆ ನೋಡಿದಳು. ಹೊರಗೆ ಕಪ್ಪು ಕತ್ತಲೆ. ಪೊರೆ ಬಂದ ಕಣ್ಣಿಗೂ ಕಾಣುವಷ್ಟು ಕತ್ತಲೆ.

"ಪಾಪ ನಿಮಗೆ ಬರ್ತದೆ ಮಾಮಿ. ಒಲೆ ಹಚ್ಚಿದ್ದೀರಿ."

"ನನ್ನ ಪಾಪ ನಾನು ನೋಡಿಕೊಳ್ತೇನೆ. ನಾಳೆ ಉಪವಾಸ ಕೂತ್ರೆ ಆಯ್ತು." ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡು ಹೇಳಿದರು. "ನಾನು ಅಡುಗೆಮನೆಯ ಪಕ್ಕದಲ್ಲೇ ಮಲಗುದು. ದಿನಾ ಸಂಜೆ ನಿನ್ನ ಬಟ್ಟಲಿನ ಸದ್ದು ಕೇಳ್ತದೆ. ತೆಗಿತಿ, ಇಡ್ತಿ. ನಡುವೆ ನೀರಿನ ಸದ್ದಿಲ್ಲ. ತೊಳೆಯದ ಬಟ್ಟಲು ಎಂದ್ರೆ ಉಣ್ಣದ ಬಟ್ಟಲು. ಇವತ್ತು ತೆಗೆದ ಸದ್ದೂ ಇಲ್ಲ."

ಕಮಲಾವತಿ ಎದ್ದು ಕೂತಳು.

"ಆವತ್ತು ಮೊಸರನ್ನಕ್ಕೆ ಕೈ ತೊಳಿ ಅಂದೆ," ಎಂದರು ಅನಂತಮತಿಯಮ್ಮ. "ಬಸುರಿಗೆ ಹಾಗೆ ಹೇಳಬಾರದಿತ್ತು. ಕುಡಿ ಈಗ. ತಳ ಹಿಡಿದದೆ. ಕಣ್ಣು ಕಾಣದವಳ ಅಡುಗೆ."

ಇಷ್ಟು ವರ್ಷ ತಾನೊಬ್ಬಳೇ ಹೊತ್ತುಕೊಂಡು ತಿರುಗಿದೆ ಎಂದುಕೊಂಡಿದ್ದ ಆ ತುತ್ತು ಅತ್ತೆಯ ನೆನಪಿನಲ್ಲೂ ಇತ್ತು. ಕಮಲಾವತಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತುಟಿಗೆ ತಂದಳು. ಗಂಜಿ ಕಮಟಾಗಿತ್ತು, ಉಪ್ಪು ಹೆಚ್ಚಾಗಿತ್ತು. ಅವಳಿಗೆ ನಾಲಿಗೆ ಸುಟ್ಟದ್ದೂ ಗೊತ್ತಾಗಲಿಲ್ಲ.

ಎರಡು ಗುಟುಕು ಇಳಿದಿರಬಹುದು. ಮಸೀದಿಯ ಕಡೆಯಿಂದ ಬಾಂಗ್ ಸುರುವಾಯಿತು. ಮೂಸಾ ಮುಕ್ರಿಯನ್ನು ಬೀಯಮ್ಮ ಏಳಿಸಿದ್ದಿರಬೇಕು. ತಡವಾಗಿ, ತೆಳ್ಳಗೆ, ಕೆಮ್ಮಿನ ನಡುವೆ ಒಂದೊಂದೇ ಶಬ್ದ ಎತ್ತಿಕೊಂಡು ಆ ಸ್ವರ ಹಿತ್ತಿಲು ದಾಟಿ ಬಂತು. ಕಮಲಾವತಿಯ ಕೈ ಅಲ್ಲಿಗೇ ನಿಂತಿತು. ಹೇಳಿಸಿಕೊಳ್ಳುವ ಅಗತ್ಯ ಅವಳಿಗಿರಲಿಲ್ಲ. ಬಟ್ಟಲು ತಾನಾಗಿಯೇ ತುಟಿಯಿಂದ ಕೆಳಗಿಳಿಯಿತು.

ಅನಂತಮತಿಯಮ್ಮ ಕತ್ತಲೆಯಲ್ಲಿ ಕೈ ಚಾಚಿದರು. ಅವಳ ಭುಜ ಸಿಕ್ಕಿತು, ಕೆನ್ನೆ ಸಿಕ್ಕಿತು. ಮಸಿ ಮೆತ್ತಿದ ಎರಡು ಅಂಗೈಗಳಿಂದ ಸೊಸೆಯ ಎರಡೂ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ ಹಿಡಿದರು.

ಬಾಂಗ್ ನಿಂತುಹೋದ ಹಾಗಾಯಿತು. ಬಾಗಿಲ ಸಂದಿಯ ಬೆಳಕಿನಲ್ಲಿ ಅತ್ತೆಯ ತುಟಿ ಅಲುಗುವುದು ಮಾತ್ರ ಹತ್ತಿರದಿಂದ ಕಂಡಿತು. ಕುಡಿ ಎನ್ನುತ್ತಿದ್ದರು. ಕಮಲಾವತಿ ಅಳುತ್ತಾ, ತನ್ನ ಗಂಟಲಿನ ಸದ್ದನ್ನೇ ಕೇಳುತ್ತಾ ಬಟ್ಟಲು ಖಾಲಿಯಾಗುವವರೆಗೆ ಕುಡಿದಳು. ಆಮೇಲೆ ಅವರು ಕೈ ತೆಗೆದು, ಬಟ್ಟಲು ಇಸಿದುಕೊಂಡು, ಗೋಡೆ ಹಿಡಿದು ಹೋದರು.

ಅಡುಗೆಮನೆಯಿಂದ ಬಟ್ಟಲು ತೊಳೆಯುವ ನೀರಿನ ಸದ್ದು ಬಂತು.